ಸೊರಗಿದ ತಾಲ್ಲೂಕು ಆಸ್ಪತ್ರೆಯನ್ನು ಊರಿನವರೇ ನಿಂತು ಉಳಿಸಿಕೊಳ್ಳುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸರ್ಕಾರಿ ಆಸ್ಪತ್ರೆ ಒಂದೇ ದಿನಕ್ಕೆ ಬಾಗಿಲು ಹಾಕುವುದಿಲ್ಲ. ಮೊದಲು ಅರಿವಳಿಕೆ ತಜ್ಞರಿಗೆ ವರ್ಗವಾಗುತ್ತದೆ. ಆ ಜಾಗಕ್ಕೆ ಯಾರೂ ಬರುವುದಿಲ್ಲ. ಸಿಸೇರಿಯನ್ ನಿಂತುಹೋಗುತ್ತದೆ. ಸ್ತ್ರೀರೋಗ ತಜ್ಞರು ಇದ್ದರೂ ಕೈಕಟ್ಟಿ ಕೂರಬೇಕಾಗುತ್ತದೆ. ಸ್ವಲ್ಪ ತೊಡಕಿದೆ ಅನ್ನಿಸಿದ ಬಸುರಿಯರನ್ನೆಲ್ಲ 108 ಹತ್ತಿಸಿ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ತಿಂಗಳ ಹೆರಿಗೆ ಲೆಕ್ಕ ಇಳಿಯುತ್ತದೆ. ಲೆಕ್ಕ ಇಳಿದದ್ದನ್ನು ನೋಡಿದ ಮೇಲಿನವರು ಇಬ್ಬರು ನರ್ಸ್‌ಗಳನ್ನು ಬೇರೆ ಕಡೆಗೆ ನಿಯೋಜಿಸುತ್ತಾರೆ. ಆಮೇಲೆ ಊರಲ್ಲಿ ಒಂದು ಮಾತು ಹುಟ್ಟುತ್ತದೆ: "ಅಲ್ಲಿ ಯಾರೂ ಇಲ್ಲ ಬಿಡಿ, ಸುಮ್ನೆ ಹೋಗಿ ಏನು ಮಾಡ್ತೀರಿ?" ಇಷ್ಟರೊಳಗೆ ಅದೇ ಆವರಣದಲ್ಲಿ ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆಯೂ ಆಗಿರುತ್ತದೆ.

ಕರ್ನಾಟಕದ ಎಷ್ಟೋ ಗ್ರಾಮೀಣ ಆಸ್ಪತ್ರೆಗಳ ಕಥೆ ಇದೇ. ಹಾಗಾಗಿ ಈ ಬರಹದ ಉದ್ದಕ್ಕೂ ನಾನು ಒಂದೇ ವಿಷಯ ಹೇಳುತ್ತೇನೆ. ಆಸ್ಪತ್ರೆಗೆ ಕಟ್ಟಡ ಕೇಳುವ ಮೊದಲು ಕೆಲಸ ಮಾಡುವ ಜನರನ್ನು ಕೇಳಿ. ಬಂದವರನ್ನು ಉಳಿಸಿಕೊಳ್ಳಿ. ಊರಿನವರು ಇದಕ್ಕಾಗಿ ಏನೇನು ಮಾಡಬಹುದು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಕೆಳಗಿದೆ. ಗ್ರಾಮ ಪಂಚಾಯ್ತಿ ಸದಸ್ಯರು, ಸ್ವಸಹಾಯ ಸಂಘದವರು, ನಿವೃತ್ತ ನೌಕರರು, ಕಾಲೇಜು ಹುಡುಗರು, ಯಾರು ಬೇಕಾದರೂ ಶುರು ಮಾಡಬಹುದು.

ಹಂತ 1: ಆಸ್ಪತ್ರೆ ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳಿ

ಅರ್ಧ ಹೋರಾಟಗಳು ತಪ್ಪು ಕಚೇರಿಯ ಮುಂದೆ ನಿಂತೇ ಸುಸ್ತಾಗುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನೋಡಿಕೊಳ್ಳುವವರು ತಾಲ್ಲೂಕು ಆರೋಗ್ಯಾಧಿಕಾರಿ, ಅಂದರೆ ಎಲ್ಲರೂ ಕರೆಯುವಂತೆ ಟಿಎಚ್‌ಒ. ತಾಲ್ಲೂಕು ಆಸ್ಪತ್ರೆಗೆ ಬೇರೆಯೇ ಆಡಳಿತ ವೈದ್ಯಾಧಿಕಾರಿ ಇರುತ್ತಾರೆ. ಇಬ್ಬರ ಮೇಲೂ ಜಿಲ್ಲಾ ಆರೋಗ್ಯಾಧಿಕಾರಿ, ಡಿಎಚ್‌ಒ. ಮೆಡಿಕಲ್ ಕಾಲೇಜಿಗೆ ಸೇರಿದ ಜಿಲ್ಲಾಸ್ಪತ್ರೆಯಾದರೆ ಅದು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರುತ್ತದೆ, ಅಲ್ಲಿನ ದೂರನ್ನು ಡಿಎಚ್‌ಒಗೆ ಕೊಟ್ಟರೆ ಪ್ರಯೋಜನವಿಲ್ಲ. ತಜ್ಞ ವೈದ್ಯರ ವರ್ಗಾವಣೆ ಬೆಂಗಳೂರಿನಲ್ಲಿ ಆರೋಗ್ಯ ಆಯುಕ್ತರ ಮಟ್ಟದಲ್ಲಿ ನಡೆಯುತ್ತದೆ. ಗುತ್ತಿಗೆ ನರ್ಸ್, ಲ್ಯಾಬ್ ಟೆಕ್ನಿಷಿಯನ್‌ಗಳಲ್ಲಿ ಹೆಚ್ಚಿನವರು ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಬರುತ್ತಾರೆ.

ಮಾನದಂಡವನ್ನೂ ಒಮ್ಮೆ ನೋಡಿಕೊಳ್ಳಿ. ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಸಮುದಾಯ ಆರೋಗ್ಯ ಕೇಂದ್ರಕ್ಕೆ ಈ ಲೆಕ್ಕ 1,20,000 ಮತ್ತು 80,000. ಅಲ್ಲಿ 30 ಹಾಸಿಗೆ ಇರಬೇಕು. ನಿಮ್ಮ ಹೋಬಳಿಯ ಜನಸಂಖ್ಯೆಯನ್ನು ಇದರ ಪಕ್ಕ ಇಟ್ಟು ನೋಡಿ.

ಹಂತ 2: ನಾಲ್ಕು ಕಾಲಂ ಬರೆಯಿರಿ

ಇಲಾಖೆಯ ಪಟ್ಟಿಯಲ್ಲಿ ಮೂರು ಕಾಲಂ ಇರುತ್ತವೆ: ಮಂಜೂರು, ಭರ್ತಿ, ಖಾಲಿ. ನೀವು ನಾಲ್ಕನೆಯದನ್ನು ಸೇರಿಸಿ: ಈ ತಿಂಗಳು ಇಲ್ಲೇ ನಿಜವಾಗಿ ಕೆಲಸ ಮಾಡುತ್ತಿರುವವರು ಯಾರು? ಸಂಕಟವೆಲ್ಲ ಸಿಕ್ಕಿಬೀಳುವುದು ಇಲ್ಲೇ.

ಒಂದು ಉದಾಹರಣೆ ನೋಡಿ. ಮಕ್ಕಳ ತಜ್ಞರ ಹುದ್ದೆ: ಮಂಜೂರು 1, ಭರ್ತಿ 1, ಖಾಲಿ 0. ಕಾಗದದಲ್ಲಿ ಎಲ್ಲ ಸರಿ ಇದೆ. ಆದರೆ ಆ ವೈದ್ಯರು ವರ್ಷದಿಂದ ನಿಯೋಜನೆ ಮೇಲೆ ಜಿಲ್ಲಾ ಕೇಂದ್ರದಲ್ಲಿದ್ದಾರೆ. ಸಂಬಳ ಬರುವುದು ನಿಮ್ಮ ಆಸ್ಪತ್ರೆಯ ಹುದ್ದೆಯ ಮೇಲೆ, ಕೆಲಸ ನಡೆಯುವುದು ಇನ್ನೆಲ್ಲೋ. ಹುದ್ದೆ ಖಾಲಿ ಎಂದು ತೋರದ ಕಾರಣ ಹೊಸಬರು ಬರುವುದಕ್ಕೂ ದಾರಿಯಿಲ್ಲ. "ನಮ್ಮಲ್ಲಿ ಡಾಕ್ಟರ್ ಇಲ್ಲ" ಎಂದು ಕೂಗಿದರೆ ಅಧಿಕಾರಿ ಪಟ್ಟಿ ತೋರಿಸಿ ಬಾಯಿ ಮುಚ್ಚಿಸುತ್ತಾರೆ. "ನಿಯೋಜನೆ ರದ್ದು ಮಾಡಿ, ಇಲ್ಲವೇ ಹುದ್ದೆಯನ್ನು ಖಾಲಿ ಎಂದು ತೋರಿಸಿ" ಎಂದರೆ ಅವರು ಉತ್ತರ ಕೊಡಲೇಬೇಕು.

ವೈದ್ಯರ ಜೊತೆಗೆ ನರ್ಸ್, ಫಾರ್ಮಸಿ ಅಧಿಕಾರಿ, ಲ್ಯಾಬ್ ಟೆಕ್ನಿಷಿಯನ್, ಎಕ್ಸ್-ರೇ ತಂತ್ರಜ್ಞ, ಗ್ರೂಪ್ ಡಿ, ಚಾಲಕ, ಎಲ್ಲ ಹುದ್ದೆಗಳನ್ನೂ ಬರೆಯಿರಿ. ಅದೇ ಹಾಳೆಯಲ್ಲಿ ಹೋದ ಒಂದು ವರ್ಷದ ಪ್ರತಿ ತಿಂಗಳ ಹೊರರೋಗಿಗಳು, ಒಳರೋಗಿಗಳು, ಸಹಜ ಹೆರಿಗೆ, ಸಿಸೇರಿಯನ್, ಬೇರೆ ಆಸ್ಪತ್ರೆಗೆ ಕಳಿಸಿದವರ ಸಂಖ್ಯೆ ಇರಲಿ. ಆಸ್ಪತ್ರೆಗಳು ಈ ಅಂಕಿಗಳನ್ನು ಪ್ರತಿ ತಿಂಗಳೂ ಎಚ್‌ಎಂಐಎಸ್‌ಗೆ, ಅಂದರೆ ಆರೋಗ್ಯ ಇಲಾಖೆಯ ಆನ್‌ಲೈನ್ ಮಾಹಿತಿ ವ್ಯವಸ್ಥೆಗೆ, ತುಂಬುತ್ತವೆ, ಆದ್ದರಿಂದ ಮಾಹಿತಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಹುದ್ದೆ ಖಾಲಿಯಾದ ತಿಂಗಳು ಯಾವುದು, ಹೆರಿಗೆ ಇಳಿಯತೊಡಗಿದ ತಿಂಗಳು ಯಾವುದು ಎಂದು ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಇಡೀ ವಾದ ಆ ಎರಡು ಸಾಲುಗಳಲ್ಲಿ ಸಿಗುತ್ತದೆ.

ಹಂತ 3: ಮೊದಲು ಸಿಬ್ಬಂದಿ ಜೊತೆ ಕೂರಿ

ಪತ್ರಿಕೆಗೆ, ಶಾಸಕರ ಮನೆಗೆ ಹೋಗುವ ಮೊದಲು ಆಸ್ಪತ್ರೆಯವರನ್ನೇ ಕಾಣಿ. ಒಪಿಡಿ ಮುಗಿದ ಮೇಲೆ, ಮೊದಲೇ ಸಮಯ ಕೇಳಿಕೊಂಡು, ಮೂರು ನಾಲ್ಕು ಜನ ಮಾತ್ರ ಹೋಗಿ. ಮೊಬೈಲ್ ಕ್ಯಾಮೆರಾ ಹೊರಗೆ ತೆಗೆಯಬೇಡಿ. "ಡಾಕ್ಟ್ರೇ, ನಿಮಗೆ ಏನು ಕಡಿಮೆ ಬಿದ್ದಿದೆ ಹೇಳಿ, ನಾವು ಕೇಳ್ತೀವಿ" ಎಂದೇ ಮಾತು ಶುರುವಾಗಲಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿರುವ ವೈದ್ಯರನ್ನು ಊರಿನವರು ವಿಡಿಯೊ ಮಾಡಿ ಬೈದು ಹರಿಬಿಟ್ಟರೆ, ಇರುವ ಆ ಒಬ್ಬರೂ ವರ್ಗ ಕೇಳಿಕೊಂಡು ಹೊರಡುತ್ತಾರೆ. ಗೆದ್ದವರು ಯಾರು ಹೇಳಿ? ವೈದ್ಯರ ಮೇಲೆ ಕೈ ಮಾಡುವುದನ್ನು, ಆಸ್ಪತ್ರೆಯ ವಸ್ತು ಒಡೆಯುವುದನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾನೂನಿದೆ. ಆದರೆ ರಾತ್ರಿ ಎರಡು ಗಂಟೆಗೆ ಹೆರಿಗೆ ಕೋಣೆಯಲ್ಲಿ ಒಬ್ಬರೇ ಇರುವ ನರ್ಸ್‌ಗೆ ಧೈರ್ಯ ಬರುವುದು ಊರಿನವರು ತಮ್ಮ ಪರ ಇದ್ದಾರೆ ಎಂಬ ನಂಬಿಕೆಯಿಂದ. ಹಣ ಕೇಳುವವರು, ಕೆಲಸಕ್ಕೇ ಬಾರದವರು ಇದ್ದರೆ ಅದನ್ನು ಬೇರೆ ದೂರಾಗಿ, ಸಾಕ್ಷಿ ಸಮೇತ ಲಿಖಿತವಾಗಿ ಕೊಡಿ. ಎರಡನ್ನೂ ಬೆರೆಸಬೇಡಿ.

ಒಳಗಿನವರಿಗೆ ಮಾತ್ರ ಗೊತ್ತಿರುವ ಕೊರತೆಗಳು ಈ ಮಾತುಕತೆಯಲ್ಲೇ ಹೊರಬರುತ್ತವೆ. ಲಸಿಕೆ ಇಡುವ ವಿಶೇಷ ಫ್ರಿಜ್ (ಐಎಲ್‌ಆರ್) 2ರಿಂದ 8 ಡಿಗ್ರಿಯೊಳಗೇ ಇರಬೇಕು, ಆದರೆ ಕರೆಂಟ್ ಹೋದರೆ ಜನರೇಟರ್‌ಗೆ ಡೀಸೆಲ್ ಇಲ್ಲ. ರಕ್ತಪರೀಕ್ಷೆ ಯಂತ್ರ ಇದೆ, ರಾಸಾಯನಿಕ ಮುಗಿದಿದೆ. ವಸತಿಗೃಹದ ಚಾವಣಿ ಸೋರುತ್ತದೆ, ಹಾಗಾಗಿ ವೈದ್ಯರು ದಿನಾ ನಲವತ್ತು ಕಿಲೋಮೀಟರ್ ಓಡಾಡುತ್ತಾರೆ. ಇವೆಲ್ಲ ಸಣ್ಣವು, ಊರಿನ ಮಟ್ಟದಲ್ಲೇ ಬಗೆಹರಿಯುವಂಥವು.

ಹಂತ 4: ಒಂದೇ ಬೇಡಿಕೆ ಆರಿಸಿ

ಇಪ್ಪತ್ತು ಬೇಡಿಕೆಗಳ ಮನವಿ ಎಲ್ಲ ಕಚೇರಿಗಳಲ್ಲೂ ಒಂದೇ ಕಡತಕ್ಕೆ ಸೇರುತ್ತದೆ. ಯಾವುದು ಬಂದರೆ ಉಳಿದವು ತಾವಾಗಿ ಚೇತರಿಸಿಕೊಳ್ಳುತ್ತವೋ ಅದನ್ನು ಮೊದಲು ಹಿಡಿಯಿರಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಸಾಮಾನ್ಯವಾಗಿ ಮೂರು ಜನರ ಜೋಡಣೆ: ಸ್ತ್ರೀರೋಗ ತಜ್ಞ, ಅರಿವಳಿಕೆ ತಜ್ಞ, ಮಕ್ಕಳ ತಜ್ಞ. ಜೊತೆಗೆ ರಕ್ತ ಶೇಖರಣಾ ಘಟಕ. ಇವಿಷ್ಟೂ ಒಟ್ಟಿಗೆ ಇದ್ದರೆ ಮಾತ್ರ ಅಪಾಯದ ಹೆರಿಗೆಯನ್ನು ಅಲ್ಲೇ ಮಾಡಿಸಬಹುದು. ಒಬ್ಬರು ಇಲ್ಲದಿದ್ದರೆ ಉಳಿದಿಬ್ಬರ ಸಂಬಳ ದಂಡ. ಆದ್ದರಿಂದ "ತಜ್ಞ ವೈದ್ಯರನ್ನು ನೇಮಿಸಿ" ಎನ್ನಬೇಡಿ, "ಅರಿವಳಿಕೆ ತಜ್ಞರನ್ನು ನೇಮಿಸಿ" ಎನ್ನಿ. ಕಾಯಂ ತಜ್ಞರು ಸಿಗುತ್ತಿಲ್ಲ ಎಂಬ ಉತ್ತರಕ್ಕೂ ಸಿದ್ಧರಾಗಿರಿ. ಗುತ್ತಿಗೆ ಮೇಲೆ ತೆಗೆದುಕೊಳ್ಳಲಿ, ಪಕ್ಕದ ತಾಲ್ಲೂಕಿನ ತಜ್ಞರನ್ನು ವಾರದ ನಿಗದಿತ ದಿನ ಕಳಿಸಲಿ, ಅಥವಾ ಇರುವ ಎಂಬಿಬಿಎಸ್ ವೈದ್ಯರೊಬ್ಬರಿಗೆ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡಿಸಲಿ. ಈ ಮೂರೂ ದಾರಿಗಳು ಇಲಾಖೆಗೆ ಗೊತ್ತಿವೆ. ನೀವು ಹೆಸರು ಹಿಡಿದು ಕೇಳಿದರೆ ಜಾರಿಕೊಳ್ಳುವುದು ಕಷ್ಟ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೆ ರಾತ್ರಿ ಪಾಳಿಗೆ ನರ್ಸ್ ಇರುವುದೇ ಮೊದಲ ಬೇಡಿಕೆಯಾಗಲಿ. ವೈದ್ಯರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಎಷ್ಟೋ ಕೇಂದ್ರಗಳಿಗೆ 2012ರ ಕಾಯ್ದೆಯಡಿ ಒಂದು ವರ್ಷದ ಕಡ್ಡಾಯ ಸೇವೆಗೆಂದು ಬಂದ ಹೊಸ ವೈದ್ಯರೇ ಆಧಾರ. ವರ್ಷ ಮುಗಿದ ಮರುದಿನ ಕುರ್ಚಿ ಖಾಲಿ. ಅವರು ಹೊರಡುವ ತಾರೀಕನ್ನು ಮೊದಲೇ ಬರೆದಿಟ್ಟುಕೊಂಡು, ಎರಡು ಮೂರು ತಿಂಗಳು ಮುಂಚೆಯೇ ಬದಲಿ ವೈದ್ಯರಿಗಾಗಿ ಪತ್ರ ಕೊಡಿ.

ಹಂತ 5: ತಂಡ ಕಟ್ಟಿ

ಏಳೆಂಟು ಜನ ಸಾಕು. ಒಬ್ಬ ಮುಖಂಡರ ಹಿಂದೆ ನೂರು ಜನ ನಿಲ್ಲುವುದಕ್ಕಿಂತ, ಏಳೆಂಟು ಜನ ಒಂದೊಂದು ಕೆಲಸ ಹೊತ್ತರೆ ವರ್ಷಗಟ್ಟಲೆ ನಡೆಯುತ್ತದೆ. ಒಬ್ಬರು ಅಂಕಿಅಂಶ, ಒಬ್ಬರು ಪತ್ರ ಮತ್ತು ಸ್ವೀಕೃತಿ, ಒಬ್ಬರು ಪಂಚಾಯ್ತಿ, ಒಬ್ಬರು ಪತ್ರಕರ್ತರ ಸಂಪರ್ಕ ನೋಡಿಕೊಳ್ಳಲಿ.

ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ಹೆಣ್ಣುಮಕ್ಕಳನ್ನು ಕಡ್ಡಾಯವಾಗಿ ಸೇರಿಸಿ. ಹೆರಿಗೆಗೆ ಎಲ್ಲಿಗೆ ಹೋದರು, ಎಷ್ಟು ಖರ್ಚಾಯಿತು, ಯಾಕೆ ವಾಪಸ್ ಕಳಿಸಿದರು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು, ಔಷಧಿ ಅಂಗಡಿಯವರು, ರಾತ್ರಿ ರೋಗಿಗಳನ್ನು ಕರೆತರುವ ಆಟೋದವರು ಇದ್ದರೆ ಒಳ್ಳೆಯದು. ಆಶಾ ಕಾರ್ಯಕರ್ತೆಯರ ಸಹಾಯ ಪಡೆಯಿರಿ, ಆದರೆ ಅವರನ್ನು ಮುಂದೆ ನಿಲ್ಲಿಸಿ ಮೇಲಿನವರ ಕಣ್ಣಿಗೆ ಗುರಿ ಮಾಡಬೇಡಿ. ಎಲ್ಲ ಪಕ್ಷದವರೂ ಇರಲಿ. ಒಂದೇ ಪಕ್ಷದ ಬಣ್ಣ ಬಂದರೆ ಮುಂದಿನ ಚುನಾವಣೆಗೆ ನಿಮ್ಮ ಕಡತ ಮುಚ್ಚಿಹೋಗುತ್ತದೆ.

ಊರಿನ ಮಾತಿಗೆ ಕಾನೂನಿನ ಬಲ ಬರುವುದು ಗ್ರಾಮಸಭೆಯಲ್ಲಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಅಲ್ಲಿ ನಿಮ್ಮ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ನಡಾವಳಿಯ ನಕಲು ಪಡೆಯಿರಿ. ಆಸ್ಪತ್ರೆಗೆ ಸೇರಿದ ಹತ್ತು ಪಂಚಾಯ್ತಿಗಳಿಂದ ಹತ್ತು ನಿರ್ಣಯ ಬಂದರೆ ಅದರ ತೂಕವೇ ಬೇರೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೇಳುವ ಜನಪ್ರತಿನಿಧಿ ಇಲ್ಲದ ಕಾಲದಲ್ಲಿ ಗ್ರಾಮ ಪಂಚಾಯ್ತಿಯ ನಿರ್ಣಯ ಇನ್ನೂ ಮುಖ್ಯ.

ಹಂತ 6: ಈಗಾಗಲೇ ಇರುವ ಹಣ ಹುಡುಕಿ

ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಶಾಸಕರೇ ಅಧ್ಯಕ್ಷರು. ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ಖಾತೆಯಲ್ಲಿ ಎಷ್ಟಿದೆ, ಖರ್ಚಾದದ್ದು ಯಾವುದಕ್ಕೆ ಎಂದು ಕೇಳಿ. ಸಭೆಯೇ ನಡೆಯದೆ ಹಣ ಕೊಳೆಯುತ್ತಿರುವುದು ಅಪರೂಪವೇನಲ್ಲ. ಡೀಸೆಲ್, ಸೋರುವ ಚಾವಣಿ, ಲ್ಯಾಬ್ ರಾಸಾಯನಿಕದಂಥ ಸಣ್ಣ ಖರ್ಚಿಗೆ ಬೆಂಗಳೂರಿನತ್ತ ನೋಡಬೇಕಾಗಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ನಿಯಮದಂತೆ ಪ್ರಾಥಮಿಕ ಕೇಂದ್ರಕ್ಕೆ ವರ್ಷಕ್ಕೆ 1.75 ಲಕ್ಷ, ಸಮುದಾಯ ಕೇಂದ್ರಕ್ಕೆ 5 ಲಕ್ಷ ರೂಪಾಯಿವರೆಗೆ ಮುಕ್ತನಿಧಿ, ಅಂದರೆ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾದ ಹಣ, ಇದೆ. ಹಳ್ಳಿಯ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ 10,000.

ಇದಕ್ಕಿಂತ ದೊಡ್ಡದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕ್ಲೇಮ್ ಹಣ. 2018ರಿಂದ ಇರುವ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆ ಒಳರೋಗಿಗೆ ಕೊಟ್ಟ ಚಿಕಿತ್ಸೆಯನ್ನು ಸರಿಯಾಗಿ ದಾಖಲಿಸಿ ಕ್ಲೇಮ್ ಹಾಕಿದರೆ ಹಣ ಆಸ್ಪತ್ರೆಗೇ ಬರುತ್ತದೆ. ಕಂಪ್ಯೂಟರ್ ಮುಂದೆ ಕೂರಲು ಜನರಿಲ್ಲ ಎಂದು ಕ್ಲೇಮ್ ಹಾಕದೆ ಬಿಟ್ಟರೆ ದುಡಿದದ್ದು ನೀರುಪಾಲು. ಹೋದ ವರ್ಷ ಎಷ್ಟು ಒಳರೋಗಿಗಳಿದ್ದರು, ಎಷ್ಟು ಕ್ಲೇಮ್ ಹೋದವು, ಎಷ್ಟು ತಿರಸ್ಕಾರವಾದವು ಎಂಬ ಮೂರು ಅಂಕಿ ಪಡೆಯಿರಿ. ಟ್ರಸ್ಟ್‌ಗಳು ನಡೆಸುವ ಗ್ರಾಮೀಣ ಆಸ್ಪತ್ರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬಾಕಿ ಬಿದ್ದ ಕ್ಲೇಮ್ ಬಿಡುಗಡೆಗೆ ಊರಿನವರು ದನಿಗೂಡಿಸಿದರೆ ಅವರಿಗೆ ಅದೇ ದೊಡ್ಡ ನೆರವು.

ಸ್ವಚ್ಛತೆಗೆ ಕೊಡುವ ಕಾಯಕಲ್ಪ ಪ್ರಶಸ್ತಿ 2015ರಿಂದ ಇದೆ. ಜಿಲ್ಲೆಗೆ ಮೊದಲು ಬಂದ ಪ್ರಾಥಮಿಕ ಕೇಂದ್ರಕ್ಕೆ 2 ಲಕ್ಷ, 70 ಅಂಕ ದಾಟಿದ ಉಳಿದವಕ್ಕೆ 50,000 ರೂಪಾಯಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ ದೇಶಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ನಿಮ್ಮ ತಾಲ್ಲೂಕಿಗೆ ಏನು ಬಂತು ಎಂದು ಕೇಳುವ ಹಕ್ಕು ನಿಮಗಿದೆ. ಬೀದರ್‌ನಿಂದ ಬಳ್ಳಾರಿವರೆಗಿನ ಏಳು ಜಿಲ್ಲೆಗಳವರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನೂ ಕೇಳಬಹುದು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವು ಎಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ನಿಮ್ಮದೂ ಇದ್ದರೆ ಮನವಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಶಾಸಕರ ನಿಧಿ, ಸಂಸದರ ನಿಧಿ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ಒಂದು ಮಾತು. ಶಾಸಕ, ಸಂಸದರ ನಿಧಿಯಿಂದ ಸಂಬಳ ಕೊಡುವಂತಿಲ್ಲ. ಕಂಪನಿಗಳು ಕೂಡ ಫಲಕ ಹಾಕಲು ಬರುವಂಥದ್ದನ್ನೇ ಕೊಡಲು ಇಷ್ಟಪಡುತ್ತವೆ. ಹೀಗೆ ಬಂದ ಎಕ್ಸ್-ರೇ ಯಂತ್ರ ತಂತ್ರಜ್ಞರಿಲ್ಲದೆ ಬಟ್ಟೆ ಹೊದ್ದು ನಿಲ್ಲುತ್ತದೆ. ಅದನ್ನು ನಡೆಸುವವರು ಯಾರು ಎಂದು ಲಿಖಿತವಾಗಿ ಗೊತ್ತಾದ ಮೇಲೆ ಯಂತ್ರ ಕೇಳಿ.

ಹಂತ 7: ಮನವಿ ಬರೆಯಿರಿ

ಸಾಮಾನ್ಯವಾಗಿ ಕಾಣುವ ಮನವಿ ಹೀಗಿರುತ್ತದೆ: "ನಮ್ಮ ಆಸ್ಪತ್ರೆ ಸಮಸ್ಯೆಗಳ ಆಗರವಾಗಿದ್ದು ಬಡಜನರಿಗೆ ತೀವ್ರ ತೊಂದರೆಯಾಗುತ್ತಿದೆ. ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು." ಇದಕ್ಕೆ "ಪರಿಶೀಲಿಸಲಾಗುವುದು" ಎಂಬ ಉತ್ತರ ಬಿಟ್ಟು ಇನ್ನೇನು ಬರಲು ಸಾಧ್ಯ?

ಹೀಗೆ ಬರೆದು ನೋಡಿ:

"ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರ ಒಂದು ಹುದ್ದೆ ಮಂಜೂರಾಗಿದೆ. ಅದು (ತಿಂಗಳು, ವರ್ಷ)ದಿಂದ ಖಾಲಿಯಿದೆ. ಅದಕ್ಕೂ ಮೊದಲು ಇಲ್ಲಿ ತಿಂಗಳಿಗೆ ಸರಾಸರಿ (ಸಂಖ್ಯೆ) ಸಿಸೇರಿಯನ್ ಆಗುತ್ತಿತ್ತು. ಈಗ ಒಂದೂ ಇಲ್ಲ. ಹೋದ ಆರು ತಿಂಗಳಲ್ಲಿ (ಸಂಖ್ಯೆ) ಗರ್ಭಿಣಿಯರನ್ನು (ಸಂಖ್ಯೆ) ಕಿ.ಮೀ. ದೂರದ ಜಿಲ್ಲಾಸ್ಪತ್ರೆಗೆ ಕಳಿಸಲಾಗಿದೆ. ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಶಸ್ತ್ರಚಿಕಿತ್ಸಾ ಕೊಠಡಿ ಇಲ್ಲೇ ಇವೆ. ಕಾಯಂ ನೇಮಕ ಆಗುವವರೆಗೆ ವಾರಕ್ಕೆ ಮೂರು ದಿನ ಅರಿವಳಿಕೆ ತಜ್ಞರನ್ನು ನಿಯೋಜಿಸಲು ಕೋರುತ್ತೇವೆ. ಹತ್ತು ಗ್ರಾಮಸಭೆಗಳ ನಿರ್ಣಯ ಲಗತ್ತಿಸಿದೆ."

ಒಂದೇ ಪುಟ, ಒಂದೇ ಕೋರಿಕೆ. ಬೇಕಿದ್ದರೆ ಇನ್ನೊಂದು ಸಾಲು ಸೇರಿಸಿ: ತುರ್ತು ಚಿಕಿತ್ಸೆ ಒದಗಿಸುವುದು ಸಂವಿಧಾನದ 21ನೇ ವಿಧಿಯಡಿ ಸರ್ಕಾರದ ಹೊಣೆ, ಹಣವಿಲ್ಲ ಎಂಬ ಕಾರಣ ನಡೆಯದು ಎಂದು ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ 1996ರಲ್ಲೇ ಹೇಳಿದೆ. ಮನವಿ ಕೊಟ್ಟಾಗ ಮುದ್ರೆ ಒತ್ತಿದ ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ಯಾವುದೇ ರೋಗಿಯ ಹೆಸರು, ಫೋಟೊ ಬಳಸಬೇಡಿ, ಮನೆಯವರು ಒಪ್ಪಿದ್ದರೂ ಸಂಖ್ಯೆಯಷ್ಟೇ ಸಾಕು.

ಹಂತ 8: ಸರಿಯಾದ ತಿಂಗಳಲ್ಲಿ ಸರಿಯಾದ ಸಭೆಗೆ ಹೋಗಿ

ಬಜೆಟ್ ಮಂಡನೆಯಾದ ಮೇಲೆ ಹೋಗಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ. ರಾಜ್ಯ ಬಜೆಟ್ ಬರುವುದು ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ. ಇಲಾಖೆಗಳು ಬೇಡಿಕೆ ಸಿದ್ಧಪಡಿಸುವುದು ಅದಕ್ಕೂ ಕೆಲವು ತಿಂಗಳು ಮುಂಚೆ. ಗ್ರಾಮ ಪಂಚಾಯ್ತಿಯ ಮುಂದಿನ ವರ್ಷದ ಯೋಜನೆಯ ಅಭಿಯಾನ ಗಾಂಧಿ ಜಯಂತಿಯಿಂದ ಶುರುವಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅಂಕಿ ಕೂಡಿಸಿ, ಅಕ್ಟೋಬರ್ ಹೊತ್ತಿಗೆ ಮನವಿ ಕೈಯಲ್ಲಿರಲಿ.

ಮುಖ್ಯವಾದ ಸಭೆ ಕೆಡಿಪಿ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲನಾ ಸಭೆ. ತಾಲ್ಲೂಕು ಮಟ್ಟದಲ್ಲಿ ಶಾಸಕರು, ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಚಿವರು ನಡೆಸುತ್ತಾರೆ. ಆರೋಗ್ಯ ಇಲಾಖೆಯ ಸರದಿ ಬಂದಾಗ ಟಿಎಚ್‌ಒ ಎದ್ದು ನಿಂತು ಉತ್ತರ ಹೇಳಬೇಕು. ಸಭೆಗೆ ಎರಡು ದಿನ ಮುಂಚೆ ನಿಮ್ಮ ಒಂದು ಪುಟ ಶಾಸಕರ ಆಪ್ತ ಸಹಾಯಕರ ಕೈಗೆ ತಲುಪಿರಲಿ. ಟಿಎಚ್‌ಒಗೂ ಒಂದು ಪ್ರತಿ ಕೊಡಿ. ಅವರನ್ನು ಸಭೆಯಲ್ಲಿ ಸಿಕ್ಕಿಸಿಹಾಕಿದರೆ ನಿಮಗೇನೂ ಲಾಭವಿಲ್ಲ, ಅವರೂ ಇದನ್ನೇ ಕೇಳಬೇಕೆಂದು ಕಾದಿರಬಹುದು.

ಡಿಸೆಂಬರ್‌ನ ಬೆಳಗಾವಿ ಅಧಿವೇಶನದ ಮುಂಚೆ ಶಾಸಕರಿಗೆ ಚುಕ್ಕೆ ಗುರುತಿನ ಪ್ರಶ್ನೆಯನ್ನು (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ) ನೀವೇ ಬರೆದುಕೊಡಿ: ಹುದ್ದೆ ಎಂದಿನಿಂದ ಖಾಲಿ, ಭರ್ತಿ ಯಾವಾಗ? ಸಚಿವರು ಸದನದಲ್ಲಿ ಕೊಟ್ಟ ಉತ್ತರ ದಾಖಲೆಯಾಗಿ ಉಳಿಯುತ್ತದೆ. ನಿಮ್ಮ ಭಾಗದ ವಿಧಾನ ಪರಿಷತ್ ಸದಸ್ಯರನ್ನೂ ಮರೆಯಬೇಡಿ, ಅವರ ಬಳಿ ಇಂಥ ಮನವಿ ಹೋಗುವುದೇ ಕಡಿಮೆ.

ಹಂತ 9: ಉತ್ತರ ಬರದಿದ್ದರೆ

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. "ಯಾಕೆ ಡಾಕ್ಟರ್ ಇಲ್ಲ?" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಕಳಿಸುತ್ತಾರೆ. "ನಿಯೋಜನೆ ಆದೇಶದ ಪ್ರತಿ ಕೊಡಿ", "ಆರೋಗ್ಯ ರಕ್ಷಾ ಸಮಿತಿಯ ಹೋದ ಎರಡು ವರ್ಷದ ನಡಾವಳಿ ಕೊಡಿ" ಎಂದು ಕಾಗದವನ್ನೇ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಪತ್ರಿಕೆಯವರಿಗೆ ಬರೀ ದೂರು ಹೇಳಬೇಡಿ, ನಾಲ್ಕು ಕಾಲಂ ಪಟ್ಟಿ ಕೊಡಿ. ಧರಣಿ ಕೂರುವುದಾದರೆ ಆಸ್ಪತ್ರೆ ಗೇಟಿನ ಮುಂದೆ ಬೇಡ, ರೋಗಿಗಳಿಗೇ ಅಡ್ಡಿ. ತಾಲ್ಲೂಕು ಕಚೇರಿ ಮುಂದೆ ಕೂರಿ. ಹೈಕೋರ್ಟಿನ ಧಾರವಾಡ, ಕಲಬುರಗಿ ಪೀಠಗಳು ಉತ್ತರದವರಿಗೆ ಹತ್ತಿರವಿವೆ. ಆದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಕೊನೆಯ ದಾರಿಯಾಗಲಿ. ಆ ಹೊತ್ತಿಗೆ ಸ್ವೀಕೃತಿ, ನಿರ್ಣಯ, ಮಾಹಿತಿ ಹಕ್ಕಿನ ಉತ್ತರಗಳ ಕಡತ ನಿಮ್ಮ ಕೈಯಲ್ಲಿದ್ದರೆ ವಕೀಲರ ಕೆಲಸ ಅರ್ಧ ಮುಗಿದಂತೆ.

ಹಂತ 10: ಬಂದವರನ್ನು ಉಳಿಸಿಕೊಳ್ಳಿ

ಆದೇಶ ಬಂದ ದಿನ ಹಾರ ಹಾಕಿ ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯಲಿಲ್ಲ. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಸರ್ಕಾರದಿಂದ ವಹಿಸಿಕೊಂಡು ನಡೆಸಿತು. ಹಳ್ಳಿಯ ಸರ್ಕಾರಿ ಕೇಂದ್ರವೂ ಹಗಲು ರಾತ್ರಿ ಚೆನ್ನಾಗಿ ನಡೆಯಬಲ್ಲದು ಎಂಬುದಕ್ಕೆ ಅದನ್ನು ಇವತ್ತಿಗೂ ಉದಾಹರಿಸುತ್ತಾರೆ. ಸಿಬ್ಬಂದಿ ಅಲ್ಲೇ ವಾಸವಿರದೆ ಅಂಥದ್ದು ಆಗುವ ಮಾತಲ್ಲ.

ಹಾಗಾಗಿ ಹೊಸ ವೈದ್ಯರು ಬರುವ ಮೊದಲೇ ವಸತಿಗೃಹದ ನೀರು, ಕರೆಂಟ್, ಬಾಗಿಲ ಚಿಲಕ ಸರಿಯಿದೆಯೇ ನೋಡಿ. ರಿಪೇರಿಗೆ ಆರೋಗ್ಯ ರಕ್ಷಾ ಸಮಿತಿಯಿಂದ ಹಣ ಕೊಡಿಸಿ. ಮಗುವಿಗೆ ಶಾಲೆ, ಮನೆಗೆ ಗ್ಯಾಸ್ ಸಂಪರ್ಕ, ಇಂಟರ್‌ನೆಟ್, ಇವಕ್ಕೆ ಓಡಾಡಲು ತಂಡದ ಒಬ್ಬರನ್ನು ಗೊತ್ತುಮಾಡಿ. ಪೊಲೀಸ್ ಠಾಣೆಯವರ ಜೊತೆ ಮಾತಾಡಿ ರಾತ್ರಿ ಬೀಟ್‌ನಲ್ಲಿ ಆಸ್ಪತ್ರೆಯನ್ನೂ ಸೇರಿಸಿ. ನರ್ಸ್‌ಗಳಿಗೆ ಚಿಲಕ ಬೀಳುವ ವಿಶ್ರಾಂತಿ ಕೋಣೆ, ಶೌಚಾಲಯ ಬೇಕೇ ಬೇಕು. ಕೆಮ್ಮು ನೆಗಡಿಗೆ ರಾತ್ರಿ ಹನ್ನೊಂದಕ್ಕೆ ಮನೆ ಬಾಗಿಲು ಬಡಿಯಬೇಡಿ ಎಂದು ಊರಿಗೂ ಹೇಳಿ.

ಆಮೇಲೆ ರೋಗಿಗಳು ವಾಪಸ್ ಬರಬೇಕು. ಸಿಸೇರಿಯನ್ ಮತ್ತೆ ಶುರುವಾದ ವಿಷಯ ಸಂಘದ ಸಭೆಗಳಲ್ಲಿ, ಅಂಗನವಾಡಿಯ ತಾಯಂದಿರ ಸಭೆಯಲ್ಲಿ, ಆಶಾ ಕಾರ್ಯಕರ್ತೆಯರ ಬಾಯಲ್ಲಿ ಹರಡಲಿ. ಸಂಖ್ಯೆ ಏರದಿದ್ದರೆ ಬಂದ ತಜ್ಞರನ್ನು ಮತ್ತೆ ಎಳೆದುಕೊಂಡು ಹೋಗುತ್ತಾರೆ. ಪ್ರತಿ ತಿಂಗಳು ಅದೇ ನಾಲ್ಕು ಕಾಲಂ ತುಂಬುತ್ತಾ ಹೋಗಿ. ಮೂರು ತಿಂಗಳಾದ ಮೇಲೆ ಹೊಸ ಅಂಕಿಗಳನ್ನು ಶಾಸಕರಿಗೂ ಡಿಎಚ್‌ಒಗೂ ಕೊಡಿ. ಜೊತೆಗೆ ಎರಡನೇ ಬೇಡಿಕೆಯ ಪತ್ರವನ್ನೂ ಕೊಟ್ಟುಬಿಡಿ: ರಕ್ತ ಶೇಖರಣಾ ಘಟಕ.